ಗೆಣ್ಣಿಲ್ಲದ ನೂಲು

ಚಿಮಟದ ತುದಿಯಲ್ಲಿದ್ದ ನೂಲಿಗೆ ಕಿಡಿ ತಾಗಿದ್ದೇ ತಡ, ಬೆಂಕಿ ಭಗ್ಗನೆ ಹತ್ತಿ ಬೆರಳಿನವರೆಗೂ ಓಡಿಬಂತು. ಅವಳು ಊದಿ ಆರಿಸಿ ಹೊಗೆಯನ್ನು ಮೂಗಿನ ಹತ್ತಿರ ತಂದಳು. ಸುಟ್ಟ ಕಾಗದದ ವಾಸನೆ. ಬೂದಿಯನ್ನು ಬೆರಳ ನಡುವೆ ತಿಕ್ಕಿದಳು, ಏನೂ ಉಳಿಯಲಿಲ್ಲ. ಬೆಳಗಿನಿಂದ ಇದು ಏಳನೆಯ ಸಲ. ಒಂದು ಸಲ ಮಾಡಿದರೆ ಸಾಕಾಗುವ ಪರೀಕ್ಷೆ.

ಬಟ್ಟೆ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳಿಗೆ ಒಂಬತ್ತು ವರ್ಷದ ಅನುಭವ. ಯಾರ ಬಟ್ಟೆ, ಏನು ಕಥೆ ಎಂದು ಯಾವತ್ತೂ ಕೇಳಿದವಳಲ್ಲ. ತುಂಡು ಬರುತ್ತಿತ್ತು, ಅದರ ಮೇಲೊಂದು ಸಂಖ್ಯೆ ಇರುತ್ತಿತ್ತು, ಅಷ್ಟೆ. ಇವತ್ತಿನ ತುಂಡನ್ನು ಅಕ್ಕನೇ ಕೈಯಲ್ಲಿ ಹಿಡಿದು ತಂದಿದ್ದಳು. ಈಗ ಕೆಳಗಿನ ಬೆಂಚಿನ ಮೇಲೆ ಮಗಳನ್ನು ಮಡಿಲಲ್ಲಿಟ್ಟುಕೊಂಡು, ಕಾಲಬುಡದಲ್ಲಿ ಅಂಗಿಗಳ ಗಂಟಿಟ್ಟುಕೊಂಡು ಕಾಯುತ್ತಿದ್ದಾಳೆ.

ಅವಳು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಿದಿರಿನ ಕಾಂಡವನ್ನು ಜಜ್ಜಿ, ನೆನೆಸಿ, ಬಾಚಿ ತೆಗೆದ ನಾರಾಗಿದ್ದರೆ ಅಲ್ಲಲ್ಲಿ ಸಣ್ಣ ಗೆಣ್ಣಿನಂಥ ಅಡ್ಡಗೆರೆ ಕಾಣಬೇಕು. ಇಲ್ಲಿ ಉದ್ದಕ್ಕೂ ನುಣುಪು. ತಟ್ಟೆ ಸರಿಸಿದಳು, ಬೆಳಕು ಹೆಚ್ಚಿಸಿದಳು, ಕಡಿಮೆ ಮಾಡಿದಳು. ಒಂದೇ ಒಂದು ಗೆಣ್ಣು ಸಿಕ್ಕಿದರೂ ಆಗುತ್ತಿತ್ತು ಎಂದು ಹುಡುಕುತ್ತಿದ್ದಳೇ ಹೊರತು ನೋಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಏನಮ್ಮಾ, ಆ ನೂಲಿಗೆ ದೃಷ್ಟಿ ತೆಗೀತಾ ಇದೀಯಾ?" ಹಿರಿಯ ಪರೀಕ್ಷಕರು ಹಿಂದೆ ಬಂದು ನಿಂತಿದ್ದರು. ಬೂದಿ ಮೂಸಿಯೇ ಬಟ್ಟೆಯ ಜಾತಕ ಹೇಳುತ್ತಾರೆಂದು ಅವರಿಗೆ ಬೂದಿ ಮೇಷ್ಟ್ರು ಎಂದು ಹೆಸರು. ಬಗ್ಗಿ ನೋಡಿದರು. "ವಿಸ್ಕೋಸ್. ಇದರಲ್ಲಿ ಯೋಚನೆ ಮಾಡೋಕೇನಿದೆ?"

"ನಮ್ಮಕ್ಕಂದು, ಸಾರ್."

ಅವರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು. "ಹಾಗಾದ್ರೆ ವರದಿಯ ಕೆಳಗೆ ಒಂದು ಸಾಲು ಸೇರಿಸು. ಮೂಲ ಬಿದಿರು ಅಂತ ಗ್ರಾಹಕರು ತಿಳಿಸಿದ್ದಾರೆ, ಅಂತ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಆದ್ರೆ ನಾರಿನ ಹೆಸರು ಅನ್ನೋ ಕಡೆ ಹೆಸರು ಸರಿಯಾಗಿರ್ಬೇಕು. ಮೂರು ಗಂಟೆಗೆ ಸಹಿ ಹಾಕ್ತೀನಿ."

ಅಕ್ಕನಿಗೆ ಬೇಕಾಗಿದ್ದದ್ದು ಅದೇ ಜಾಗದಲ್ಲಿ ಬೇರೆ ಹೆಸರು. ನಾಳೆ ಮಕ್ಕಳ ಬಟ್ಟೆಯಂಗಡಿಯ ಯಜಮಾನಿ ಬರುತ್ತಾಳೆ. ಅಲ್ಲಿ ‘ಬಿದಿರು’ ಎಂದಿದ್ದರೆ ಎಲ್ಲ ಅಂಗಿಗಳನ್ನೂ ಕೊಳ್ಳುತ್ತಾಳೆ, ಇಲ್ಲದಿದ್ದರೆ ಇಲ್ಲ. ಅದನ್ನೇ ನಂಬಿ ಅಕ್ಕ ಬೇರೆಯವರ ಹೊಲಿಗೆ ಕೆಲಸ ಬಿಟ್ಟಿದ್ದಳು. ನೂಲಿನ ವ್ಯಾಪಾರಿ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ, ಪರೀಕ್ಷೆಗೂ ಮುಂಚೆಯೇ ಹಸಿರು ದಾರದಲ್ಲಿ ‘ನೂರಕ್ಕೆ ನೂರು ಬಿದಿರು’ ಎಂದು ಪಟ್ಟಿ ನೇಯಿಸಿ, ಒಂದೊಂದು ಅಂಗಿಯ ಕತ್ತಿಗೂ ಹೊಲಿದಿದ್ದಳು. ತೊಟ್ಟಿಲು ಮೊದಲು, ಕೂಸು ಆಮೇಲೆ.

ಅವಳು ಮೆಟ್ಟಿಲಿಳಿದು ಕೆಳಗೆ ಹೋದಳು.

"ಆಯ್ತಾ?" ಎಂದಳು ಅಕ್ಕ.

"ಇನ್ನೂ ಇಲ್ಲ."

"ಒಂದು ದಾರ ನೋಡೋಕೆ ಇಷ್ಟು ಹೊತ್ತಾ? ನಿನ್ನ ಆ ಯಂತ್ರಕ್ಕೆ ಕನ್ನಡಕ ಹಾಕಿಸ್ಬೇಕು ಕಣೇ."

ಅವಳು ನಗಲು ಹೋಗಿ ನಿಲ್ಲಿಸಿದಳು. "ಅಕ್ಕಾ, ಅದು ವಿಸ್ಕೋಸ್."

"ಏನದು? ಕಾಯಿಲೆ ಹೆಸರಿನ ಥರ ಇದೆ."

"ಬಿದಿರನ್ನ ರಾಸಾಯನಿಕದಲ್ಲಿ ಕರಗಿಸಿ, ಗಂಜಿ ಮಾಡಿ, ಸಣ್ಣ ತೂತಿನಿಂದ ಎಳೆದ ನೂಲು. ಬೇರೆ ಯಾವ ಮರದಿಂದ ಮಾಡಿದ್ರೂ ಹೀಗೇ ಕಾಣುತ್ತೆ. ಅದರಲ್ಲಿ ಬಿದಿರು ಅಂತ ಗುರುತಿಸೋಕೆ ಏನೂ ಉಳಿದಿರಲ್ಲ."

"ಹಾಲು ಹೆಪ್ಪುಗಟ್ಟಿ ಮೊಸರಾದ್ರೆ ಹಸು ಬೇರೆ ಆಗೋಗುತ್ತಾ? ಬಿದಿರಿಗೆ ಔಷಧಿ ಹೊಡೀಬೇಕಾ? ಹತ್ತಿಯಷ್ಟು ನೀರು ಕುಡಿಯುತ್ತಾ? ಕಡಿದ್ರೆ ಮತ್ತೆ ಚಿಗುರುತ್ತೆ. ನೀನೇ ಹೇಳಿದ್ದೆ ಇದನ್ನೆಲ್ಲ."

ಹೇಳಿದ್ದು ನಿಜ. ಹೇಳದೆ ಬಿಟ್ಟದ್ದೂ ಇತ್ತು. ಕೆಲಸದ ಮೇಲೆ ಒಮ್ಮೆ ಅಂಥ ಗಿರಣಿಗೆ ಹೋಗಿದ್ದಳು. ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಬಿದಿರು ಬಿಟ್ಟು ಬೇರೊಂದು ಗಿಡವಿರಲಿಲ್ಲ; ಇದ್ದ ಕಾಡನ್ನು ಬೋಳಿಸಿ ನೆಟ್ಟದ್ದೆಂದು ಚಾಲಕ ಹೇಳಿದ್ದ. ಗಿರಣಿಯೊಳಗೆ ಕೊಳೆತ ಮೂಲಂಗಿಯ ವಾಸನೆ. ಹಿಂದಿನ ಕಾಲುವೆಯಲ್ಲಿ ಹಳದಿ ನೊರೆ. ಕಡಾಯಿಗಳನ್ನು ತೋರಿಸುತ್ತಿದ್ದ ಕೆಲಸಗಾರನನ್ನು ಸುಮ್ಮನೆ ಮಾತಿಗೆಂದು, ಮಗಳ ಹೆಸರೇನು ಎಂದು ಕೇಳಿದ್ದಳು. ಅವನು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ನೆನಪಾಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನಕ್ಕು, "ಇಲ್ಲಿದ್ದೂ ಇದ್ದೂ ತಲೆ ಮಂಕಾಗಿದೆ" ಎಂದ. ಆ ವಾಸನೆಯಿಂದಲೇ ಹಾಗಾಯಿತೋ, ಬರೀ ವಯಸ್ಸೋ, ಅವಳು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅದನ್ನು ಅಕ್ಕನಿಗೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಮಡಿಲಲ್ಲಿದ್ದ ಮಗುವಿನ ತೋಳನ್ನು ಮುಂದೆ ಚಾಚಿದಳು.

"ಇಲ್ಲಿ ನೋಡು. ಮುಟ್ಟಿ ನೋಡು. ಹೋದ ವರ್ಷ ಹೇಗಿತ್ತು?"

ಇಸುಬಿನಿಂದ ಕೆರೆದು ಕೆರೆದು ಹಾಸಿಗೆಯೆಲ್ಲ ರಕ್ತದ ಕಲೆ ಮಾಡುತ್ತಿದ್ದ ಮಗು. ಮೊಣಕೈ ಮಡಿಕೆಯಲ್ಲೀಗ ತೆಳು ಗುಲಾಬಿ ಬಣ್ಣದ ಹೊಸ ಚರ್ಮ. ಮಗು ಕಚಗುಳಿಯಾಗಿ, "ಚಿಕ್ಕೀ, ಬೇಡ!" ಎಂದು ತೋಳೆಳೆದುಕೊಂಡಿತು.

"ಈ ಬಟ್ಟೆ ಹಾಕಿದ್ಮೇಲೆ ಕೆರೆಯೋದು ಬಿಟ್ಟಿದ್ದು. ಇದೂ ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

ಅವಳು ತಿರುಗಿ ಮೆಟ್ಟಿಲು ಹತ್ತಿ ಮೇಲೆ ಹೋದಳು. ಕುಳಿತಳು, ಎದ್ದಳು, ನಲ್ಲಿಯಲ್ಲಿ ಕೈ ತೊಳೆದಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು. ಎರಡೂವರೆಯಾಯಿತು. ನಾರಿನ ಹೆಸರಿನ ಮುಂದೆ ‘ಬಿ’ ಎಂದು ಒತ್ತಿ ಅಳಿಸಿದಳು. ಹೀಗೆ ಬರೆದುಕೊಟ್ಟರೆ ಕೇಳುವವರು ಯಾರು? ಬೂದಿ ಮೇಷ್ಟ್ರಿಗೆ ಸಣ್ಣ ಅಕ್ಷರ ಓದಲು ಕಣ್ಣು ಮಂಜು, ಅವಳ ಮೇಲೆ ನಂಬಿಕೆ. ಓದದೆ ಸಹಿ ಹಾಕುತ್ತಾರೆ. ಆ ನಂಬಿಕೆಯೇ ಅವಳನ್ನು ಕುಳಿತಲ್ಲಿ ಕೂರಗೊಡಲಿಲ್ಲ. ಕೊನೆಗೆ ಗಡಿಯಾರ ನೋಡದೆ, ಒಂದೇ ಉಸಿರಿಗೆ ‘ವಿಸ್ಕೋಸ್’ ಎಂದು ಒತ್ತಿದಳು. ಕೆಳಗೆ ಮೇಷ್ಟ್ರು ಹೇಳಿದ ಸಾಲು.

ಕೆಳಗೆ ಅಕ್ಕ ಸಹಿಯಾಗಿ ಬಂದ ಕಾಗದದ ಮೇಲೆ ಬೆರಳಿಟ್ಟುಕೊಂಡು ಓದಿದಳು. ಬೆರಳು ಒಂದು ಕಡೆ ನಿಂತಿತು.

"ಹೊಲಿಗೆ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ನಿನಗೆ ಅಕ್ಷರ ತಿದ್ದಿಸಿದ್ದು ನಾನು," ಎಂದಳು. ದನಿ ಏರಿರಲಿಲ್ಲ. "ಆ ಅಕ್ಷರದಲ್ಲೇ ನನಗೆ ಇದನ್ನ ಬರೆದು ಕೊಟ್ಟೆ."

"ಅಕ್ಕಾ, ಪಟ್ಟಿ ಬದಲಾಯಿಸಿದ್ರೆ..."

"ನಾಳೆ ಬರ್ತಾಳೆ ಅವಳು. ನಾಳೆ."

ಅಕ್ಕ ಗಂಟನ್ನು ಹೆಗಲಿಗೇರಿಸಿ, ಮಗುವಿನ ಕೈ ಹಿಡಿದು ಬಾಗಿಲು ದಾಟಿದಳು. ಹೋಗಿ ಬರುತ್ತೇನೆ ಎನ್ನಲಿಲ್ಲ.

ಅವಳು ಮೇಲಿನ ಕಿಟಕಿಗೆ ಬಂದಾಗ ಅಕ್ಕ ಇನ್ನೂ ಅಂಗಳದಲ್ಲೇ ಇದ್ದಳು. ಗೇಟಿನ ಬಳಿಯ ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿದ್ದಳು. ಮಗು ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಅಕ್ಕ ಒಂದು ಅಂಗಿ ಎತ್ತಿ, ಕತ್ತಿನ ಪಟ್ಟಿಯನ್ನು ಹಲ್ಲಿಗೆ ಸಿಕ್ಕಿಸಿ, ಹೊಲಿಗೆಯ ದಾರ ಹುಡುಕಿ ಕಚ್ಚಿ ಜಗ್ಗಿದಳು. ಒದ್ದೆಯಾದರೆ ಈ ನೂಲಿಗೆ ಅರ್ಧ ಬಲವೂ ಇರದು. ಕಿಟಕಿ ತೆರೆದು ಅದನ್ನು ಕೂಗಿ ಹೇಳುವ ಮೊದಲೇ ಪಟ್ಟಿ ಕಿತ್ತು ಬಂತು, ಬಟ್ಟೆಯ ಸಮೇತ.

ಅಕ್ಕ ಕತ್ತಿನ ಹತ್ತಿರದ ಆ ತೂತಿಗೆ ಬೆರಳು ತೂರಿಸಿ ನೋಡಿದಳು. ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ತುಟಿ ಒರೆಸಿಕೊಂಡು, ಕೈಯನ್ನು ಸೀರೆಗೆ ಒತ್ತಿ ಒಣಗಿಸಿ, ಇನ್ನೊಂದು ಅಂಗಿಯನ್ನು ಎತ್ತಿಕೊಂಡಳು. ಈ ಸಲ ಉಗುರಿನಿಂದ, ಒಂದೊಂದೇ ಹೊಲಿಗೆ.