ಅತ್ತೆ ಕೇಳಿಸಿಕೊಂಡ ಮೂರು ಪುಸ್ತಕಗಳು

ದಸರೆಯಿಂದ ಸಂಕ್ರಾಂತಿಯವರೆಗೆ ನಾನು ಓದಿ ಮುಗಿಸಿದ್ದು ಮೂರು ಪುಸ್ತಕ. ಒಂದು ಡ್ರ್ಯಾಗನ್ನಿನ ಫ್ಯಾಂಟಸಿ, ಎಂಟುನೂರು ಪುಟ. ಇನ್ನೊಂದು ವೈಜ್ಞಾನಿಕ ಕಾದಂಬರಿ, ನೋಡಲು ತೆಳ್ಳಗಿದ್ದರೂ ತಲೆ ತಿಂದದ್ದು. ಮೂರನೆಯದು ಯಾವುದೋ ಹಿಮದ ದೇಶದಿಂದ ಕನ್ನಡಕ್ಕೆ ಬಂದ ನೂರು ವರ್ಷ ಹಳೆಯ ಕ್ಲಾಸಿಕ್. ಈ ಮೂರರ ಬಗ್ಗೆ ಅನಿಸಿಕೆ ಹೇಳಲು ಹೋಗಿ ಭಾಲ್ಕಿಯಲ್ಲಿ ಹದಿನೈದು ಜನರ ಮುಂದೆ ಮರ್ಯಾದೆ ಕಳೆದುಕೊಂಡೆ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ನಾನು ಮಲ್ಲೇಶ್ವರಿ. ಬೀದರಿನ ಒಂದು ಲ್ಯಾಬಿನಲ್ಲಿ ಬಂದವರ ರಕ್ತ ತೆಗೆಯುವುದು ನನ್ನ ಕೆಲಸ, ಮನೆ ಚಿದ್ರಿಯಲ್ಲಿ. ಮೂರು ತಿಂಗಳಿಗೊಮ್ಮೆ ಭಾನುವಾರ ಭಾಲ್ಕಿಯಲ್ಲಿ ನಮ್ಮ ಓದುಗರ ಬಳಗ ಸೇರುತ್ತದೆ. ನಿವೃತ್ತ ಮೇಷ್ಟ್ರು ಅಶೋಕಕುಮಾರ ಅವರ ಮನೆಯ ಮೇಲಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ಓದಿದ ಪುಸ್ತಕಗಳ ಅನಿಸಿಕೆಯನ್ನು ಒಂದೇ ಹಾಳೆಯಲ್ಲಿ ಬರೆದು ತಂದು ಎದ್ದುನಿಂತು ಓದಬೇಕು. ಅದೇ ಪುಸ್ತಕ ಓದಿದವರು ಪ್ರಶ್ನೆ ಕೇಳಬಹುದು. ಈ ವರ್ಷ ಒಳ್ಳೆಯ ಹಾಳೆಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ತರುವುದೆಂದೂ, ಅದರ ಮೊದಲ ಬರಹ ನನ್ನದೇ ಎಂದೂ ಮೇಷ್ಟ್ರು ಹೇಳಿಟ್ಟಿದ್ದರು. ಮುಚ್ಚಿಡುವುದೇನಿದೆ, ನನಗೆ ಅದು ಬೇಕಿತ್ತು. ಮದುವೆಯ ಕಾರ್ಡು ಬಿಟ್ಟರೆ ನನ್ನ ಹೆಸರು ಇದುವರೆಗೆ ಎಲ್ಲೂ ಅಚ್ಚಾಗಿಲ್ಲ.

ಒಂದೇ ತೊಂದರೆಯೆಂದರೆ, ಆ ಅನಿಸಿಕೆಗಳು ನನ್ನವಲ್ಲ.

ನಾನು ಗಬಗಬನೆ ಓದುವವಳು. ಬಸ್ಸಿನಲ್ಲಿ ಓದುತ್ತೇನೆ, ಕುಕ್ಕರಿನ ಮುಂದೆ ನಿಂತು ಓದುತ್ತೇನೆ. ಆದರೆ ಮುಗಿಸಿ ಮಡಚಿಟ್ಟ ಮೇಲೆ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುವುದರ ಮುಂದೆ ನನ್ನ ಬಾಯಿ ಹೋಗುವುದಿಲ್ಲ. ಮುಂದಕ್ಕೆ ಹೋಗುವ ಬಾಯಿ ನನ್ನ ಅತ್ತೆ ಭೀಮಬಾಯಿಯದು. ಅವರು ಸಂತಪುರದಲ್ಲಿ ಭಾವ ಹಣಮಂತನ ಮನೆಯಲ್ಲಿ ಇರುತ್ತಾರೆ. ನಲವತ್ತು ವರ್ಷ ಕುರಿ ಕಾದವರು. ಈಗ ಮೊಣಕಾಲು ಹಿಡಿದ ಮೇಲೆ ಹಟ್ಟಿಯಲ್ಲೇ ಕುಳಿತು ಮರಿ ನೋಡಿಕೊಳ್ಳುತ್ತಾರೆ. ಅಕ್ಷರ ಬರುವುದಿಲ್ಲ. ಭಾನುವಾರ ಬಸ್ಸು ಹತ್ತಿ ಹೋಗಿ, ಅವರ ಮಗ್ಗುಲಲ್ಲಿ ಕುಳಿತು ಆ ವಾರ ಓದಿದ್ದನ್ನು ಹೇಳುವುದು ನನ್ನ ರೂಢಿ. ಅವರು ಕೇಳುತ್ತಾ ಮರಿಯ ಬಾಯಿಗೆ ಬಾಟಲಿ ಹಿಡಿದಿರುತ್ತಾರೆ. ಕೊನೆಗೆ ಒಂದು ಮಾತು ಹೇಳುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ.

ಡ್ರ್ಯಾಗನ್ನಿನ ಪುಸ್ತಕದಲ್ಲಿ ಒಂದು ಪಟ್ಟಣದವರು ಆ ಪ್ರಾಣಿಗೆ ದಿನಕ್ಕೆ ಎರಡು ಕುರಿ ಕೊಡಬೇಕು, ಇಲ್ಲದಿದ್ದರೆ ಅದು ಊರು ಸುಡುತ್ತದೆ. ಏಳು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಕತ್ತಿ ಹಿಡಿದು ಹೋಗುತ್ತಾರೆ. ನಾನು ಕತ್ತಿಯ ವರ್ಣನೆಯನ್ನೆಲ್ಲ ಮೈಮೇಲೆ ಬಂದವಳಂತೆ ಹೇಳಿದೆ. ಅತ್ತೆ ಕೇಳಿದ್ದು ಒಂದೇ. ದಿನಕ್ಕೆರಡು ಎಂದರೆ ವರ್ಷಕ್ಕೆ ಏಳುನೂರರ ಮೇಲಾಯಿತು, ಅಷ್ಟು ಕುರಿ ಸಾಕಿದವನು ಯಾರು, ಅವನ ಹೆಸರು ಪುಸ್ತಕದಲ್ಲಿ ಇದೆಯೇ? ನಾನು ಎಂಟುನೂರು ಪುಟ ತಿರುವಿ ಹಾಕಿದೆ. ಇರಲಿಲ್ಲ. ಅಂದರೆ ಊರು ಉಳಿಸಿದವನನ್ನು ಬಿಟ್ಟು ಉಳಿದವರ ಕತೆಯನ್ನೆಲ್ಲ ಬರೆದಿದ್ದಾರೆ ಎಂದು ಅತ್ತೆ ತೀರ್ಪು ಕೊಟ್ಟರು.

ವೈಜ್ಞಾನಿಕ ಕಾದಂಬರಿಯಲ್ಲಿ ಒಂದು ನೌಕೆ ಮುನ್ನೂರು ವರ್ಷ ಆಕಾಶದಲ್ಲಿ ಹೋಗುತ್ತಲೇ ಇರುತ್ತದೆ. ಒಳಗೇ ಮಕ್ಕಳು ಹುಟ್ಟುತ್ತವೆ, ಒಳಗೇ ಮುದುಕರು ಸಾಯುತ್ತಾರೆ. ಸತ್ತವರನ್ನು ಏನು ಮಾಡುತ್ತಾರೆ ಎಂದು ಅತ್ತೆ ಕೇಳಿದರು. ಒಂದು ಬಾಗಿಲು ತೆಗೆದು ಹೊರಗೆ ಬಿಡುತ್ತಾರೆ ಎಂದೆ. ಅತ್ತೆಗೆ ಅದು ಸರಿಬರಲಿಲ್ಲ. ಅಜ್ಜನನ್ನು ಮಣ್ಣು ಮಾಡಿದ ಜಾಗ ಇಲ್ಲದಿದ್ದರೆ ಮೊಮ್ಮಗನಿಗೆ ಅದು ತನ್ನ ಊರು ಎಂದು ಹೇಗೆ ಗೊತ್ತಾಗಬೇಕು, ಮುನ್ನೂರು ವರ್ಷವಾದರೂ ಅವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕೂತವರೇ ಎಂದರು. ನೌಕೆಯ ಎಂಜಿನ್ ಬಗ್ಗೆ ನಾನು ಕಷ್ಟಪಟ್ಟು ತಿಳಿದುಕೊಂಡದ್ದೆಲ್ಲ ನೀರಲ್ಲಿ ಹೋಯಿತು.

ಮೂರನೆಯ ಪುಸ್ತಕ ಹೇಳುವಾಗ ನನಗೆ ಭಯವಿತ್ತು. ಕೆಲಸ ಹುಡುಕಿ ಹೋದ ಗಂಡನಿಗಾಗಿ ಇಪ್ಪತ್ತು ವರ್ಷ ಕಾಯುವ ಹೆಂಗಸಿನ ಕತೆ ಅದು. ನನ್ನ ಮಾವ ಇಪ್ಪತ್ತೆರಡು ವರ್ಷದ ಹಿಂದೆ ಹೈದರಾಬಾದಿಗೆಂದು ಹೊರಟವರು. ಫೋನಿಲ್ಲ, ಪತ್ರವಿಲ್ಲ, ನೋಡಿದೆ ಎಂದವರೂ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಎತ್ತಿದರೂ, ಬರುತ್ತಾರೆ ಎಂದೇ ಮುಗಿಸುತ್ತಾರೆ. ನನ್ನ ಗಂಡ ಕಾಶೀನಾಥರಂತೂ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಊಟದ ತಾಟು ಬಿಟ್ಟು ಎದ್ದು ಹೋಗುತ್ತಾರೆ. ಅಂಥ ಮನೆಯಲ್ಲಿ ಈ ಕತೆ ಎತ್ತಬಾರದಿತ್ತು. ಆದರೆ ಅತ್ತೆ, ಈ ಸಲ ಏನು ಓದಿದಿ ಎಂದು ಕೇಳಿದರು, ನನಗೆ ಸುಳ್ಳು ಹೊಳೆಯಲಿಲ್ಲ. ಶುರು ಮಾಡಿದೆ.

ಕೊನೆಗೆ ಬಂದಾಗ ನಾಲಿಗೆ ಏಳಲಿಲ್ಲ. ಪುಸ್ತಕದಲ್ಲಿ ಅವನು ಬರುವುದೇ ಇಲ್ಲ. ನಾನು ಬರಿಸಿದೆ. ಒಂದು ಸಂಜೆ ಬಾಗಿಲು ಬಡಿಯಿತು, ಅವನು ನಿಂತಿದ್ದ, ತಲೆ ಬೆಳ್ಳಗಾಗಿತ್ತು, ಆಕೆ ಏನೂ ಕೇಳದೆ ಒಳಗೆ ಕರೆದು ಬಿಸಿ ಊಟ ಬಡಿಸಿದಳು ಎಂದುಬಿಟ್ಟೆ. ಎಷ್ಟು ಚೆಂದ ಹೇಳಿದೆನೆಂದರೆ ನನ್ನ ಕಣ್ಣಲ್ಲೇ ನೀರು ಬಂತು. ಅತ್ತೆಯ ಕಣ್ಣಲ್ಲಿ ಬರಲಿಲ್ಲ. ಅವರು ಮರಿಯ ಬಾಯಿ ಒರೆಸಿ, ಅದನ್ನು ಕೆಳಗೆ ಬಿಟ್ಟರು.

"ಎಲ್ಲಾ ಬರೋಬರಿ ಬರದಾರ," ಎಂದರು. "ಕಡೀಕ ಬಂದು ಅಂಜ್ಯಾರ ನೋಡು. ಇಪ್ಪತ್ತು ವರ್ಷ ಕುಂತಾಕಿ ಒಂದು ಮಾತ ಕೇಳಲಾರದ ಊಟಕ್ಕ ಹಾಕಂಗಿಲ್ಲ."

ಬಸ್ಸಿನಲ್ಲಿ ಅದನ್ನೂ ಬರೆದುಕೊಂಡೆ. ನನ್ನ ಬುದ್ಧಿಗೆ ಮಂಕು ಕವಿದದ್ದು ಇಲ್ಲೇ. ಭಾಲ್ಕಿಯ ಸಭೆ ಇನ್ನೂ ಐದು ವಾರ ದೂರವಿತ್ತು. ಹಾಳೆ ಬರೆಯಲು ಕುಳಿತಾಗ ಪುಸ್ತಕ ತೆಗೆದು ನೋಡಲಿಲ್ಲ, ನೋಟ್‌ಬುಕ್ ತೆಗೆದೆ. ಮೊದಲೆರಡು ಅನಿಸಿಕೆ ಇಳಿಸಿದ ಕೈ ಮೂರನೆಯದನ್ನೂ ಇಳಿಸಿತು. ಅಷ್ಟು ಹೊತ್ತಿಗೆ ನಾನು ಕಟ್ಟಿದ ಕೊನೆಯೇ ನನ್ನ ತಲೆಯಲ್ಲಿ ನಿಜವಾಗಿ ಕೂತುಬಿಟ್ಟಿತ್ತು.

ಸಭೆಯ ದಿನ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಕುರಿ ಕಾಯುವವನ ಮಾತಿಗೆ ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಬಸ್ ಸ್ಟ್ಯಾಂಡಿನ ಮಾತಿಗೆ ಅಶೋಕಕುಮಾರ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಉಬ್ಬಿಹೋಗಿ, ಇಷ್ಟು ದೊಡ್ಡ ಕ್ಲಾಸಿಕ್ ಬರೆದವರೂ ಕೊನೆಗೆ ಅಂಜಿದ್ದಾರೆ, ಹಿಂದಿರುಗಿದ ಗಂಡನಿಗೆ ಆಕೆ ಮರುಮಾತಿಲ್ಲದೆ ಊಟ ಬಡಿಸುವುದು ಸುಳ್ಳು ಎಂದು ಗಂಟಲೇರಿಸಿ ಓದಿ ಮುಗಿಸಿದೆ.

ಔರಾದಿನ ಮಹಾಮಾಯಾ ಕೈ ಎತ್ತಿದಳು. ಕಾಲೇಜಿನಲ್ಲಿ ಪಾಠ ಮಾಡುವ ಈಕೆ ಪೆನ್ಸಿಲ್ ಹಿಡಿಯದೆ ಪುಸ್ತಕ ತೆರೆಯುವವಳಲ್ಲ. ಈಕೆಯನ್ನು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ. ಕಾರಣ ಸರಳ, ಅವಳ ಅನಿಸಿಕೆಗಳು ಅವಳವೇ.

"ನಾನೂ ಇದು ಓದೀನ್ರಿ," ಎಂದಳು. "ಅವ ವಾಪಸ್ ಬರೋದು ಯಾವ ಪುಟದಾಗ ಅದರಿ?"

ನನ್ನ ಪ್ರತಿಯೇ ಬೇರೆ ಇರಬೇಕು ಎಂದು ಶುರುಮಾಡಿದೆ. ಅವಳು ಚೀಲದಿಂದ ಪುಸ್ತಕ ತೆಗೆದಳು. ಅದೇ ರಟ್ಟು, ಅದೇ ಅಚ್ಚು. ಕೊನೆಯ ಪುಟ ತೆರೆದು ನನ್ನ ಮುಂದೆ ಹಿಡಿದಳು.  ಬಾಯಿಗೆ ಬಂದದ್ದು ಹೇಳಿ ಜಗಳ ತೆಗೆಯಬಹುದಿತ್ತು, ಅದು ನನಗೆ ಬರುತ್ತದೆ ಕೂಡ. ಆದರೆ ಆ ಪುಟ ನೋಡುತ್ತಿದ್ದಂತೆ ನನಗೆ ಬೇರೆಯೇ ಹೊಳೆಯಿತು. ಇಡೀ ಕಾದಂಬರಿಯಲ್ಲಿ ನಾನು ಸೇರಿಸಿದ ಒಂದೇ ಒಂದು ಸುಳ್ಳಿನ ಮೇಲೆ ಅತ್ತೆ ಸೀದಾ ಬೆರಳಿಟ್ಟಿದ್ದರು. ಓದುವುದೆಂದರೆ ಅದು. ನಾನು ಇಷ್ಟು ವರ್ಷ ಮಾಡಿದ್ದು ಪುಟ ತಿರುವುವ ಕೆಲಸ.

"ಕಡೇದು ನಾ ಕಟ್ಟಿದ್ದರಿ," ಎಂದೆ. "ಅಂಜಿದಾಕಿ ನಾನೇ. ಮಾತೆಲ್ಲಾ ನಮ್ಮ ಅತ್ತೀದು. ಇವತ್ತಿನ ಹಾಳಿ ಅಷ್ಟೇ ಅಲ್ಲ, ಎರಡು ವರ್ಷದ ಹಾಳಿ ಎಲ್ಲಾ ಅವರದೇ."

ಯಾಕೆ ಕಟ್ಟಿದೆ ಎಂಬುದನ್ನೂ ಹೇಳಬೇಕಾಯಿತು. ಮಾವನ ವಿಷಯ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಸಿಟ್ಟಿಗೆ ಜಾಗ ಸಿಗುತ್ತಿತ್ತು. ಹಾಗಾದರೆ ಮೊದಲ ಬರಹ ಭೀಮಬಾಯಿಯವರ ಹೆಸರಲ್ಲೇ ಬರಲಿ ಎಂದು ಮೇಷ್ಟ್ರು ಮೆತ್ತಗೆ ಹೇಳಿದರು. ಮಹಾಮಾಯಾ ಅಷ್ಟಕ್ಕೆ ಬಿಡುವವಳೇ? ಮೂರನೆಯ ಅನಿಸಿಕೆ ಹಾಕಲು ಬರುವುದಿಲ್ಲ, ಭೀಮಬಾಯಿಯವರು ಮಾತು ಹೇಳಿದ್ದು ಇಲ್ಲದ ಪುಸ್ತಕಕ್ಕೆ, ಇರುವ ಪುಸ್ತಕ ಕೇಳುವ ಹಕ್ಕು ಅವರಿಗಿದೆ ಎಂದಳು. ಸರಿಯಾದ ಮಾತು. ಅದಕ್ಕೇ ನನಗೆ ಮೈ ಉರಿಯಿತು.

ಮುಂದಿನ ಭಾನುವಾರ ಸಂತಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಏನೂ ಓದಲಾಗಲಿಲ್ಲ. ಹೆಸರು ಹೋದ ದುಃಖ ಎಂದುಕೊಂಡಿದ್ದೆ. ಅಲ್ಲ, ಅದು ಭಾಲ್ಕಿಯಲ್ಲೇ ಮುಗಿದಿತ್ತು. ಇಪ್ಪತ್ತೆರಡು ವರ್ಷ ಇಡೀ ಮನೆ ಜೋಪಾನ ಮಾಡಿದ ಮಾತೊಂದನ್ನು ನಾನು ಒಡೆಯಲು ಹೊರಟಿದ್ದೆ. ಅತ್ತೆ ಅದರಿಂದ ಕುಸಿದರೆ ಯಾವ ಮುಖ ಹೊತ್ತು ಚಿದ್ರಿಗೆ ವಾಪಸು ಹೋಗಲಿ ಎಂಬುದೊಂದೇ ಚಿಂತೆ.

ಹಟ್ಟಿಯಲ್ಲಿ ಬಿಸಿಲು ಕಾಯುತ್ತಾ ಕುಳಿತಿದ್ದರು. ನೀರು ಕುಡಿದು, ಅವರ ಮಗ್ಗುಲಲ್ಲಿ ಕುಳಿತೆ. ಆ ಹಿಮದ ಊರಿನ ಕತೆಯ ಕೊನೆ ಸುಳ್ಳು ಹೇಳಿದ್ದೆ ಎಂದೆ. ಅವರು ಹೂಂ ಎಂದರು, ಬೇಜಾರೂ ಇಲ್ಲ, ಆಶ್ಚರ್ಯವೂ ಇಲ್ಲ. ನಾನು ನಿಜ ಹೇಳಿದೆ. ಅವನು ಬರಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಆಕೆ ಗೂಟದ ಮೇಲೆ ಇಪ್ಪತ್ತು ವರ್ಷದಿಂದ ನೇತುಬಿದ್ದಿದ್ದ ಅವನ ಕೋಟು ಇಳಿಸಿ, ಧೂಳು ಝಾಡಿಸಿ, ಉದ್ದವಾದ ತೋಳು ಮಡಚಿ ತಾನೇ ತೊಟ್ಟುಕೊಂಡು ಹಸುಗಳಿಗೆ ಮೇವು ಹಾಕಲು ಹೋದಳು. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

  ಆ ಕೋಟು ಬೆಚ್ಚಗಿತ್ತಂತೇನು ಎಂದು ಅತ್ತೆ ಕೇಳಿದರು. ಅದನ್ನು ಬರೆದಿಲ್ಲ ಎಂದೆ. ಇದ್ದೇ ಇರುತ್ತದೆ ಎಂದು ತಾವೇ ಹೇಳಿಕೊಂಡು, ಮೊಣಕಾಲು ಚಾಚಿ ಆರಾಮಾಗಿ ಗೋಡೆಗೆ ಒರಗಿದರು. 

"ಬರಂಗಿಲ್ಲಂತ ನನಗ ಎರಡನೇ ವರ್ಷಕ್ಕೇ ಗೊತ್ತಾಗಿತ್ತವ್ವ," ಎಂದರು. "ನೀವೆಲ್ಲಾ ಬರ್ತಾರ ಬರ್ತಾರ ಅಂತೀರಿ. ನಿಮ್ಮ ಜೀವಾ ಯಾಕ ಮುರೀಬೇಕಂತ ನಾನೂ ಹೂಂ ಅಂತೀನಿ."

ನಾನು ಅತ್ತುಬಿಟ್ಟೆ, ಸೀದಾ ಅತ್ತುಬಿಟ್ಟೆ. ಮೂಗು ಸೆರಗಿಗೆ ಒರೆಸಿಕೊಂಡೆ, ಇಸ್ತ್ರಿ ಗಿಸ್ತ್ರಿ ನೋಡಲಿಲ್ಲ. ನಾವು ಅವರನ್ನು ಕಾಯುತ್ತಿದ್ದೇವೆಂದು ತಿಳಿದಿದ್ದೆವು. ನಮ್ಮಿಡೀ ಹಿಂಡನ್ನು ಕಾದವರು ಅವರು. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದರು. ಹೊರಡುವ ಹೊತ್ತಿಗೆ ಕೈ ಹಿಡಿದು ನಿಲ್ಲಿಸಿದರು.

"ಮಂದಿ ಮುಂದ ಬೇಕಾದ್ದು ಓದು," ಎಂದರು. "ಕಾಶೀಗ ಮಾತ್ರ ಈ ಕತಿ ಹೇಳಬ್ಯಾಡ. ಅಪ್ಪ ಬರ್ತಾನಂತ ಅವ ಇನ್ನಾ ಕಾಯ್ತಾನ."