ಕಡ್ಡಿ ಮಾಮನ ಮೀಟರ್

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಒಂದೇ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ಎರಡನ್ನೂ ಒಳಗೆ ತಂದು ಒಂದನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಉಕ್ಕಿತು, ಉಕ್ಕಿತು!" ಅತ್ತೆ ಮುಂದಿನ ಕೋಣೆಯಿಂದ ಕೂಗಿದರು. "ದೊಡ್ಡ ಓದು ಓದಿದ ಸೊಸೆ ಬಂದಾಗಿಂದ ಈ ಒಲೆಗೆ ದಿನಾ ಕ್ಷೀರಾಭಿಷೇಕ."

ಹಳೆಯ ಮಾತು. ಅದಕ್ಕೆ ಗಂಡ ಪ್ರತಿ ಸಲ ನಗುತ್ತಿದ್ದ. ಇಂದು ಮಾತು ಮುಗಿದ ಮೇಲೆ ನಗು ಬರಬೇಕಾದ ಜಾಗ ಹಾಗೇ ಉಳಿಯಿತು. ಅತ್ತೆ ಕೆಮ್ಮಿದರು. ಅವಳು ಒಲೆ ಒರೆಸಿದಳು.

ಗಂಡನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ಚಾವಣಿಯ ಮೇಲಿನ ಟಿವಿ ಆಂಟೆನಾ ಸರಿಮಾಡಲು ಹತ್ತಿ, ಇಳಿಯುವಾಗ ಏಣಿಯಿಂದ ಬಿದ್ದಿದ್ದ. ಮುದ್ರಣಾಲಯದಲ್ಲಿ ಮನೆಯಷ್ಟು ದೊಡ್ಡ ಯಂತ್ರಗಳನ್ನು ಬಿಚ್ಚಿ ಜೋಡಿಸುವವನು, ಎರಡಾಳೆತ್ತರದ ಏಣಿಯಿಂದ ಬಿದ್ದು ಸತ್ತ.

ಎರಡು ತಿಂಗಳಿಂದ ಆ ಟಿವಿಗೆ ಗ್ರಹಚಾರ ಹಿಡಿದಿತ್ತು. ಸಂಜೆಯಾದರೆ ಸಾಕು, ವಾರ್ತೆ ಓದುವವಳ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು, ದನಿ ಗಂಟಲಲ್ಲಿ ಮುಳ್ಳು ಸಿಕ್ಕಿದಂತೆ ತಡವರಿಸಿ ನಿಲ್ಲುತ್ತಿತ್ತು. ರೇಡಿಯೋ ಹಾಕಿದರೆ ಅದರದೂ ಅದೇ ಪಾಡು. ಅವನು ಟಿವಿಯ ಹಿಂದಿನ ಗಿಡ್ಡ ಕೇಬಲ್ ಬದಲಿಸಿದ, ಸಂದುಗಳನ್ನು ಬಿಗಿಮಾಡಿದ, ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿದ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಬೀದಿಯ ತುದಿಯ ಅಂಗಡಿಯಲ್ಲಿ ಆಂಟೆನಾ ಕಟ್ಟುವ ಮುದುಕನಿಂದ ಸಿಗ್ನಲ್ ಅಳೆಯುವ ಮೀಟರ್ ಎರವಲು ತಂದ. ಕಡ್ಡಿಯಂಥ ಆಳು, ಮಾರುವುದೂ ಕಡ್ಡಿಗಳನ್ನೇ ಎಂದು ಬೀದಿಗೆಲ್ಲ ಅವರು ಕಡ್ಡಿ ಮಾಮ.

ಆ ಮೀಟರ್ ಈಗ ಬಾಗಿಲ ಪಕ್ಕದ ಗೂಡಿನಲ್ಲಿ ಚರ್ಮದ ಚೀಲದೊಳಗೆ ಕೂತಿತ್ತು.

"ಅದನ್ನ ಕೊಟ್ಟು ಬಾ," ಅಂದರು ಅತ್ತೆ. ಟಿವಿಯ ಪಕ್ಕದ ಕುರ್ಚಿಯಲ್ಲಿ ಕೂತು ದರ್ಜಿ ಕಳಿಸಿದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಮೋಡದ ಬೆಳಿಗ್ಗೆ, ಮೇಜಿನ ಪುಟ್ಟ ದೀಪ ಉರಿಯುತ್ತಿತ್ತು. "ಹಾಗೇ ಗುಜರಿಯವನಿಗೆ ಹೇಳು, ಈ ಶನಿ ಪೆಟ್ಟಿಗೆ ಹೊತ್ತುಕೊಂಡು ಹೋಗ್ಲಿ. ನನ್ನ ವಾರ್ತೆ ಚಟಕ್ಕೆ ಮಗನ್ನ ತಿಂದೆ."

"ಹಾಗನ್ನಬೇಡಿ ಅತ್ತೆ."

"ಮತ್ತೆ ಹೇಗನ್ನಲಿ? ಸರಿಮಾಡೋ, ಸರಿಮಾಡೋ ಅಂತ ಪೀಡಿಸಿದ್ದು ಯಾರು? ನೀನಾ?"

ಅವಳು ಗೂಡಿನಿಂದ ಮೀಟರಿನ ಚೀಲ ಎತ್ತಿಕೊಂಡಳು. ತನ್ನ ಲೆಕ್ಕದಲ್ಲಿ ತಪ್ಪು ಬೇರೆ ಕಡೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಅವನು ಮೇಲೆ, ಅವಳು ಕೆಳಗೆ ಟಿವಿಯ ಮುಂದೆ, ಕಿಟಕಿಯ ಹತ್ತಿರ. ಅವನು ಆಂಟೆನಾವನ್ನು ಬೆರಳಷ್ಟು ತಿರುಗಿಸುವುದು, ಅವಳು ಪರದೆ ನೋಡಿ "ಬಂತು" ಅಥವಾ "ಹೋಯ್ತು" ಎಂದು ಕೂಗುವುದು. ಗಟ್ಟಿಯಾಗಿ ಬಂತು. "ಬಂತು, ಬಂತು, ಇಳೀರಿ!" ಅಂದಳು. ಅವನ ಕಾಲು ಏಣಿಗೆ ತಾಗಿದ ಸದ್ದು ಕೇಳಿಸಿತು. ಅಷ್ಟರಲ್ಲಿ ಚಿತ್ರ ಪುಡಿಪುಡಿಯಾಯಿತು. "ಅಯ್ಯೋ, ಹೋಯ್ತು!" ಎಂದು ಕೂಗಿದಳು. ಅವನು ಏಣಿಯ ಮೇಲಿನಿಂದಲೇ ಕಂಬದ ಕಡೆ ಕೈ ಚಾಚಿದ.

ಆ ಒಂದು ಕೂಗನ್ನು ನುಂಗಿಕೊಂಡಿದ್ದರೆ? ಇದೊಂದೇ ಪ್ರಶ್ನೆ ಆರು ದಿನದಿಂದ ಅವಳನ್ನು ಒಳಗೇ ಕೊರೆಯುತ್ತಿತ್ತು. ಆಂಟೆನಾ ನಿಜಕ್ಕೂ ಕೆಟ್ಟಿತ್ತಾದರೆ ತಾನು ಕೂಗಿದ್ದು ಕಂಡದ್ದನ್ನೇ, ತಪ್ಪಲ್ಲ. ಕೆಟ್ಟಿರಲಿಲ್ಲವಾದರೆ?

ಚೀಲ ತೆರೆದಾಗ ಒಳಗಿನಿಂದ ಮಡಿಸಿದ ಚೀಟಿಯೊಂದು ಬಿತ್ತು. ಅವನ ಅಕ್ಷರ. "ಸಂಜೆ ಐದು, ನೂರಕ್ಕೆ 91. ಆರು, 90. ಏಳು, 92. ಮೀಟರ್ ಚೆನ್ನಾಗಿದೆ ಅನ್ನುತ್ತೆ, ಟಿವಿ ಇಲ್ಲ ಅನ್ನುತ್ತೆ. ಸಂಜೆ ಗಾಳಿಗೆ ಕಂಬ ಅಲ್ಲಾಡ್ತಿರಬಹುದಾ?" ಕೆಳಗೆ, "ಭಾನುವಾರ ಹತ್ತಿ ನೋಡಬೇಕು."

ಸಂಖ್ಯಾಶಾಸ್ತ್ರ ಓದಿದವಳು. ಮೂರೂ ಅಂಕಿಗಳನ್ನು ಎರಡು ಸಲ ಓದಿದಳು. ಕಂಬ ಅಲ್ಲಾಡುತ್ತಿದ್ದರೆ ಅಂಕಿಯೂ ಅಲ್ಲಾಡಬೇಕು.

"ಕೊಡೋ ಮುಂಚೆ ಕೆಲಸ ಮಾಡುತ್ತಾ ಅಂತ ನೋಡ್ತೀನಿ," ಎಂದು ಟಿವಿಯ ಹಿಂದೆ ಬಗ್ಗಿ, ಆಂಟೆನಾದ ವೈರು ಬಿಚ್ಚಿ ಮೀಟರ್‌ಗೆ ತಿರುಪಿದಳು. ಮೀಟರ್‌ನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ಗೋಡೆಯ ಕರೆಂಟ್ ಕೊಟ್ಟರೆ ಮಾತ್ರ ಕಣ್ಣು ಬಿಡುತ್ತಿತ್ತು. ಅಲ್ಲಿದ್ದದ್ದು ಎರಡೇ ಪ್ಲಗ್ಗು, ಒಂದು ಟಿವಿಯದು, ಇನ್ನೊಂದು ಅತ್ತೆಯ ದೀಪದ್ದು. ಟಿವಿಯ ಪ್ಲಗ್ಗು ಗೋಡೆಗೂ ಕಪಾಟಿಗೂ ನಡುವೆ ಸಿಕ್ಕಿಕೊಂಡಿತ್ತು. ದೀಪದ್ದನ್ನು ಕಿತ್ತಳು.

"ನೀನೂ ಶುರುಮಾಡಿದೆಯಾ?" ಅತ್ತೆ ಸೂಜಿ ಕೆಳಗಿಟ್ಟರು. "ಅವನೂ ಹೀಗೇ. ಅಳೆಯೋಕೆ ಕೂತಾಗೆಲ್ಲ ಮೊದಲು ನನ್ನ ದೀಪ ಕೀಳೋದು. ಅವನ ಕೆಲಸ ಆದಮೇಲೆ ಕತ್ತಲಲ್ಲಿ ತಡಕಾಡಿ ಮತ್ತೆ ನಾನೇ ಸಿಕ್ಕಿಸಿಕೊಳ್ಳೋದು. ಆವತ್ತೂ ಅಷ್ಟೇ. ಅವನು ಮೇಲಿದ್ದ, ನೀನು ಇಳೀರಿ ಅಂದೆ, ಸದ್ಯ ಮುಗೀತಲ್ಲ ಅಂತ ದೀಪ ಹಾಕಿಕೊಂಡೆ. ಸೂಜಿಗೆ ದಾರ ಪೋಣಿಸೋಷ್ಟರಲ್ಲಿ..." ತೊಡೆಯ ಮೇಲಿನ ಅಂಗಿ ಪಕ್ಕಕ್ಕಿಟ್ಟು, "ಒಗೆದ ಬಟ್ಟೆ ಹರವಿ ಬರ್ತೀನಿ," ಎಂದು ಎದ್ದು ಹಿತ್ತಲಿಗೆ ಹೋದರು.

ಮೀಟರ್ 91 ತೋರಿಸುತ್ತಿತ್ತು.

ಅವಳು ಅಡುಗೆಮನೆಯಿಂದ ಉದ್ದನೆಯ ಎಕ್ಸ್‌ಟೆನ್ಶನ್ ವೈರು ಎಳೆದುತಂದಳು. ಮೀಟರ್‌ಗೆ ಅದರಿಂದ ಕರೆಂಟ್ ಕೊಟ್ಟು, ದೀಪವನ್ನು ಮತ್ತೆ ಅದರ ಜಾಗಕ್ಕೇ ಸಿಕ್ಕಿಸಿದಳು. ಸ್ವಿಚ್ ಒತ್ತಿದಳು.

34.

ಆರಿಸಿದಳು. 91. ಹಾಕಿದಳು. 33. ಒಂದು ಸಲ ಕಂಡದ್ದನ್ನು ನಂಬಬಾರದು, ಎರಡು ಸಲ ಕಂಡದ್ದನ್ನೂ ಅನುಮಾನಿಸಬೇಕು ಎಂದು ಕಲಿಸಿದ್ದರು. ಮೂರನೆಯ ಸಲವೂ ನೋಡಿದಳು. ನಾಲ್ಕನೆಯ ಸಲಕ್ಕೆ ಬೆರಳು ಏಳಲಿಲ್ಲ.

ಹೊರಗೆ ಆಂಟೆನಾ ಚೆನ್ನಾಗಿತ್ತು. ಮೊದಲಿನಿಂದಲೂ ಚೆನ್ನಾಗಿತ್ತು. ಎರಡು ತಿಂಗಳ ಹಿಂದೆ ಅತ್ತೆ ಬೆರಳಿಗೆ ಸೂಜಿ ಚುಚ್ಚಿಕೊಂಡ ದಿನ ಅವನೇ ರಸ್ತೆ ಬದಿಯ ಗಾಡಿಯಿಂದ ತಂದ ಅಗ್ಗದ ದೀಪ, ಉರಿದಾಗೆಲ್ಲ ಸಿಗ್ನಲ್ ಕೆಡಿಸಿ ಟಿವಿಯ ಕಣ್ಣಿಗೂ ರೇಡಿಯೋದ ಕಿವಿಗೂ ಮಣ್ಣೆರಚುತ್ತಿತ್ತು. ಅವನು ಅಳೆದಾಗೆಲ್ಲ ಅದು ಆರಿರುತ್ತಿತ್ತು. ಆರಿಸುತ್ತಿದ್ದವನೂ ಅವನೇ.

ಅವಳು ದೀಪ ಆರಿಸಿದಳು.

ಹಿತ್ತಲ ಬಾಗಿಲು ಕಿರುಗುಟ್ಟಿತು. ಅವಳು ಮೀಟರ್ ಬಿಚ್ಚಿ ಚೀಲಕ್ಕೆ ತುರುಕಿ, ಎಕ್ಸ್‌ಟೆನ್ಶನ್ ವೈರನ್ನು ಸುತ್ತತೊಡಗಿದಳು.

"ಅತ್ತೆ, ಈ ದೀಪ ಕೊಡಿ. ನನ್ನ ಓದೋ ದೀಪ ಇದೆಯಲ್ಲ, ಅದು ಇಟ್ಕೊಳ್ಳಿ. ಬೆಳಕೂ ಜಾಸ್ತಿ."

ಅತ್ತೆ ದೀಪದ ಕತ್ತು ಹಿಡಿದುಕೊಂಡರು, ಮಗುವಿನ ಕೈ ಹಿಡಿದಂತೆ. "ಇದನ್ಯಾಕೆ? ಇದು ಅವನು ತಂದಿದ್ದು. ನನಗೇಂತ ಅವನು ಕೊನೆಗೆ ತಂದುಕೊಟ್ಟಿದ್ದು ಇದೊಂದೇ. ನಾನು ಸಾಯೋ ತನಕ ಇದು ಇಲ್ಲೇ ಇರುತ್ತೆ."

ಅವಳು ವೈರು ಸುತ್ತಿ ಮುಗಿಸಿದಳು. ದೀಪ ಇಲ್ಲೇ ಇರುವುದಾದರೆ ಟಿವಿ ಇರುವ ಹಾಗಿಲ್ಲ. ಇದ್ದರೆ ಇವತ್ತಲ್ಲ ನಾಳೆ, ದೀಪ ಹಾಕಿದಾಗೆಲ್ಲ ಟಿವಿ ಕೆಡುವುದು ಈ ಮುದುಕಿಯ ಚುರುಕು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಮೇಲೆ ಈ ಮನೆಯಲ್ಲಿ ಇನ್ನೊಂದು ಹೆಣ.

"ಗುಜರಿಯವನಿಗೆ ಹೇಳಿ ಬರ್ತೀನಿ," ಅಂದಳು. "ರೇಡಿಯೋನೂ ಕೊಟ್ಟುಬಿಡೋಣ."

"ಅದ್ಯಾಕೆ? ನಿನಗೆ ಬೇಸರ ಆಗಲ್ವಾ?"

"ಇಲ್ಲ."

ಅತ್ತೆ ಅವಳನ್ನು ದಿಟ್ಟಿಸಿ ನೋಡಿದರು. "ಒಂದು ಮಾತು ಕೇಳ್ತೀನಿ, ನಿಜ ಹೇಳು ಮಗು. ಗೊತ್ತಾಯ್ತಾ ಏನಾಗಿತ್ತು ಅಂತ?"

"ವೈರಿನೊಳಗೆ ನೀರು ಇಳಿದಿತ್ತು," ಅಂದಳು ಅವಳು. "ಹಳೇ ವೈರು. ಯಾರೇನು ಮಾಡಿದ್ದರೂ ಅಷ್ಟೇ."

ಅತ್ತೆ ತಲೆಯಾಡಿಸಿ ದೀಪ ಹಾಕಿಕೊಂಡು ಮುಂದಿನ ಅಂಗಿ ಎತ್ತಿಕೊಂಡರು.

ಕಡ್ಡಿ ಮಾಮನ ಅಂಗಡಿಯಲ್ಲಿ ಆಂಟೆನಾಗಳು ಮೀನಿನ ಮುಳ್ಳುಗಳಂತೆ ಸೂರಿನಿಂದ ನೇತಾಡುತ್ತಿದ್ದವು. ಅವಳನ್ನು ಕಂಡು ಮುದುಕರು ಎದ್ದು ನಿಂತರು, ಸ್ಟೂಲಿನ ಧೂಳು ಒರೆಸಿದರು.

"ಕೂತ್ಕೋ ತಾಯಿ. ಇದಕ್ಕೇನು ಅವಸರ ಇತ್ತು? ಎರಡು ದಿನಕ್ಕೇಂತ ಒಯ್ದ, ನಾನೂ ತಮಾಷೆಗೆ, ತಡವಾದ್ರೆ ನಿನ್ನ ತಲೆ ಮೇಲೇ ಕಂಬ ನೆಡ್ತೀನಿ ಕಣೋ ಅಂದಿದ್ದೆ." ಅಂದ ಮೇಲೆ ತಮ್ಮ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು.

"ತಡ ಆಯ್ತು ಮಾಮ. ಕ್ಷಮಿಸಿ."

"ಅಯ್ಯೋ, ಬಿಡು." ಚೀಲ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಐವತ್ತು ವರ್ಷ ಅದೇ ಪ್ರಶ್ನೆ ಕೇಳಿದ ನಾಲಿಗೆ ಸುಮ್ಮನಿರಲಿಲ್ಲ. "ಏನಿತ್ತಂತೆ ತೊಂದರೆ?"

"ವೈರಿನೊಳಗೆ ನೀರು."

ಮುದುಕರ ಹುಬ್ಬು ಗಂಟಾಯಿತು. "ನೀರಾ? ಅದು ಮೀಟರ್‌ನಲ್ಲಿ ಕಾಣಬೇಕಿತ್ತಲ್ಲ. ಅಂಕಿ ಚೆನ್ನಾಗಿ ಬರ್ತಿದೆ ಮಾಮ ಅಂತ ಅವನು..."

ಅವಳು ಸ್ಟೂಲಿನಿಂದ ಎದ್ದಿದ್ದಳು. ಚೀಲದ ಬಾಯಿಂದ ಮೀಟರ್‌ನ ಗಿಡ್ಡ ವೈರು, ಅದರ ತುದಿಯ ಪ್ಲಗ್ಗು ಹೊರಗೆ ಜೋತುಬಿದ್ದಿತ್ತು. ಅದನ್ನು ಮಡಚಿ ಒಳಗೆ ಸೇರಿಸಿ ಚೀಲದ ಗುಂಡಿ ಹಾಕಿದಳು.

"ಇದಕ್ಕೊಂದು ಬ್ಯಾಟರಿ ಹಾಕಿಸಿ ಮಾಮ," ಅಂದಳು. "ಇನ್ನೊಬ್ಬರಿಗೆ ಕೊಡೋ ಮುಂಚೆ."