ಒಂಬತ್ತನೆಯ ದಿನದ ಕಲ್ಲು

ಗಂಧ ಇನ್ನೂ ತೆಳುವಾಗಿತ್ತು, ಸಾಣೆಕಲ್ಲಿನ ಮೇಲೆ ಇನ್ನೆರಡು ಸುತ್ತು ತೇಯಬೇಕು ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಫೋನು ಬಡಿದುಕೊಂಡಿತು — ಪೂಜೆಯ ಹೊತ್ತಿಗೆ ಯಾರಪ್ಪ ಎಂದು ಬೇಸರಪಟ್ಟೆ, ಆ ಬೇಸರ ಈಗಲೂ ಬೆರಳ ತುದಿಯಲ್ಲಿ ಒಣಗಿ ಕೂತಿದೆ, ತೊಳೆದರೂ ಹೋಗುವುದಿಲ್ಲ. ಅಂಕೋಲೆಯ ಶಾಲೆಯಿಂದ ನಿತೇಶ ಮಾಸ್ತರು, ನನ್ನ ಹೆಂಡತಿ ಚಂಪಾಳ ಹಳೆಯ ವಿದ್ಯಾರ್ಥಿ, ರಾಮನಾಥರೇ ಮೊದಲು ನೀವು ಕೂತ್ಕೊಳ್ಳಿ, ಕೂತ್ರಾ, ಅಕ್ಕೋರು ಪಾಠ ಮಾಡ್ತಾ ಇದ್ರು, ಕೈಯಲ್ಲಿ ಕಲ್ಲು ಹಿಡ್ಕಂಡೇ ಕುರ್ಚಿ ಮೇಲೆ ಕೂತ್ರು, ಮಕ್ಕಳು ಅಕ್ಕೋರು ಏನೋ ತೋರಿಸ್ತಾರೆ ಅಂತ ಕಾಯ್ತಾ ಇದ್ವು — ಎಷ್ಟು ಹೊತ್ತು ಕಾದವು, ನಾನು ಕೇಳಲಿಲ್ಲ. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಬುಧವಾರ ಬಂತೆಂದರೆ ಶಿರವಾಡದಿಂದ ಬಸ್ಸು ಹತ್ತುವಳು, ಹೆಗಲ ಚೀಲದಲ್ಲಿ ಮಕ್ಕಳಿಗೆ ತೋರಿಸುವ ಕಲ್ಲು, ಕಂಡಕ್ಟರ್ ಲಗೇಜು ಟಿಕೆಟ್ ಹರಿದಾನು ನೋಡು ಎಂದು ನಾನು, ಹರಿಯಲಿ, ಅವನಿಗೂ ಒಂದು ಕಲ್ಲು ಕೊಡ್ತೆ ಎಂದು ಅವಳು. ಆ ಬುಧವಾರವೂ ಅದೇ ಮಾತು, ನಾನು ತಲೆ ಎತ್ತಿ ನೋಡಲಿಲ್ಲ, ಹೂವು ಬಿಡಿಸುತ್ತಿದ್ದೆ, ದೇವರಿಗೆ.

ಇವತ್ತು ಒಂಬತ್ತನೆಯ ದಿನ. ಹಿತ್ತಲ ತೆಂಗಿನ ಬುಡದಲ್ಲಿ ನಿಂತಿದ್ದೇನೆ, ಕೈಯಲ್ಲಿ ಎಳ್ಳುನೀರಿನ ತಂಬಿಗೆ, ಬುಡದಲ್ಲಿ ಕಲ್ಲಿಲ್ಲ. ಕಲ್ಲಿಗೆ ಸುತ್ತಿದ್ದ ಬಿಳಿಯ ಅರಿವೆ ತಂತಿಯ ಮೇಲೆ ಒಣಗುತ್ತಿದೆ, ಎರಡು ಚಿಮಟಿ ಹಾಕಿದ್ದಾರೆ, ಹಾರಿ ಹೋಗಬಾರದೆಂದು. ಮಸಣದಿಂದ ತಂದ ಕಲ್ಲು, ಹತ್ತು ದಿನ ಅವಳ ಜೀವಕ್ಕೆ ಅದೇ ಮನೆ, ದಿನವೂ ಎಳ್ಳುನೀರು ಬಿಡಬೇಕು, ಹತ್ತನೆಯ ದಿನ ಸಮುದ್ರಕ್ಕೆ — ದತ್ತಾ ಭಟ್ಟರು ಮೊದಲೇ ಹೇಳಿದ್ದರು, ಮಕ್ಕಳಿಲ್ಲ, ಕರ್ಮಕ್ಕೆ ನೀವೇ, ಕಲ್ಲು ಜೋಪಾನ ಮಾಡಿ ರಾಮನಾಥರೇ, ತಪ್ಪಿದ್ರೆ ಎಲ್ಲಾ ಮೊದಲಿಂದ, ಅಲ್ಲಿವರೆಗೆ ಆ ಜೀವ ಅಲೀತಾ ಇರ್ತದೆ. ಮೊದಲಿಂದ ಎಂದರೆ ಇನ್ನೂ ಹತ್ತು ದಿನ ಚಾಪೆ, ಒಪ್ಪೊತ್ತಿನ ಊಟ, ಎಪ್ಪತ್ತೆರಡರ ಈ ಮೊಣಕಾಲು. ನನ್ನದು ಹೋಗಲಿ, ಅವಳು ಅಲೆಯುವುದೇ. ಗಂಗೂ ಬಾವಿಕಟ್ಟೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಾಳೆ, ಇಪ್ಪತ್ತು ವರ್ಷದಿಂದ ಮನೆಗೆಲಸಕ್ಕೆ ಬರುವವಳು, ಮಗಳ ಬಾಣಂತನಕ್ಕೆ ಅಮದಳ್ಳಿಗೆ ಹೋಗಿದ್ದವಳು, ಇವತ್ತೇ ಬಂದದ್ದು. ಅಯ್ಯೋ ಒಡೆಯಾ, ನಂಗೆ ಹ್ಯಾಂಗೆ ಗೊತ್ತಾಗ್ಬೇಕು, ಅಕ್ಕೋರ ಕಲ್ಲು ಅಂದ್ಕಂಡೆ, ನಾಳೆ ಜನ ಬರ್ತ್ರು ಅಂತ ಎಲ್ಲಾ ತೊಳ್ದು ಮರಿಗೆಲಿ ಇಟ್ಟೆ. ಎಲ್ಲಾ ಎಂದರೆ? ಎಲ್ಲಾ ಒಡೆಯಾ, ಅಕ್ಕೋರದ್ದೂ, ಇದೂ. ತಂಬಿಗೆ ಹಿಡಿದುಕೊಂಡೇ ಜಗಲಿಗೆ ಬಂದೆ. ಅವಳ ತಪ್ಪೇನು, ಇಪ್ಪತ್ತು ವರ್ಷ ಚಂಪಾ ಕಲ್ಲುಗಳನ್ನು ಬಾವಿಕಟ್ಟೆಯಲ್ಲಿ, ಹಿತ್ತಲಲ್ಲಿ, ಒಮ್ಮೆ ಅಕ್ಕಿಯ ಡಬ್ಬಿಯ ಮೇಲೂ ಮರೆತು ಬಿಡುವುದು, ಇವಳು ಹೆಕ್ಕಿ ತೊಳೆದು ಮರದ ಮರಿಗೆಗೆ ಸೇರಿಸುವುದು, ಈ ಮನೆಯಲ್ಲಿ ನೆಲದ ಮೇಲೆ ಬಿದ್ದ ಕಲ್ಲೆಂದರೆ ಅಕ್ಕೋರದ್ದೇ.

ಜಗಲಿಯಲ್ಲಿ ಮರಿಗೆ, ಅದರೊಳಗೆ ನಲವತ್ತೋ ಐವತ್ತೋ ಕಲ್ಲು, ಎಲ್ಲವೂ ಒದ್ದೆ, ಎಲ್ಲವೂ ಹೊಳೆಯುತ್ತಿವೆ, ಯಾವುದು ಯಾವುದೆಂದು ಹೇಳುವವಳು ಇವುಗಳಲ್ಲಿ ಯಾವುದರಲ್ಲೋ ಇದ್ದಾಳೆ. ಮಸಣದಲ್ಲಿ ಚಿತೆ ನೋಡಿಕೊಳ್ಳುವ ಜಟ್ಟಪ್ಪ ಕೈಗೆ ಕೊಟ್ಟ ಕಲ್ಲು, ಹೊಗೆ ಕಣ್ಣಿಗೆ ಹತ್ತಿತ್ತು, ಹಿಡ್ಕಳಿ ರಾಯರೇ ಎಂದ, ಹಿಡಿದೆ, ಮಡಕೆ ಒಡೆದೆ, ಅರಿವೆಯಲ್ಲಿ ಸುತ್ತಿದೆ, ಎಂಟು ದಿನ ಅರಿವೆಯ ಮೇಲೇ ನೀರು ಬಿಟ್ಟೆ — ಬಿಚ್ಚಿ ನೋಡಲಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಈ ಮರಿಗೆಯನ್ನೂ ನೋಡಲಿಲ್ಲ. ಕೂತೆ, ಮೊಣಕಾಲು ಲಟಕ್ಕೆಂದಿತು. ಮೊದಲು ಕೈಗೆ ಬಂದದ್ದು ಕರಿಕಲ್ಲು, ನೌಕಾನೆಲೆಯ ಕೆಲಸಕ್ಕೆ ಕಲ್ಲು ಹೊರುವ ಲಾರಿಯಿಂದ ರಸ್ತೆಗೆ ಬಿದ್ದದ್ದು, ಅರವತ್ತೈದು ದಾಟಿದ ಹೆಂಗಸು ಹೆದ್ದಾರಿಯ ಮಧ್ಯೆ ಬಗ್ಗಿದ್ದಳು, ಮರ್ಲು ಹಿಡಿದಿದೆಯಾ ನಿನಗೆ ಎಂದು ಕಿರುಚಿದ್ದೆ, ಅವಳು ಅದನ್ನು ಬಿಸಿಲಿಗೆ ಹಿಡಿದು, ಹರಳು ನೋಡಿ ಎಷ್ಟು ದಪ್ಪ, ಬೆಲ್ಲದ ಪಾಕ ಗಡಬಡಿಸದೆ ಆರಿದ್ರೆ ಹರಳು ಕಟ್ತದಲ್ಲ, ಭೂಮಿಯ ಹೊಟ್ಟೆಯೊಳಗೆ ಬೆಂಕಿಪಾಕ ಲಕ್ಷಗಟ್ಟಲೆ ವರ್ಷ ಆರಿ ಆರಿ ಹೀಗಾದದ್ದು, ಎಂದಿದ್ದಳು. ಇದಲ್ಲ, ಇದು ಭಾರ. ಪಟ್ಟೆ ಪಟ್ಟೆಯದು, ಇದೂ ಮೊದಲು ಕರಿಕಲ್ಲೇ ಅಂತೆ, ಮೇಲಿನ ಗುಡ್ಡದ ಭಾರಕ್ಕೆ, ಕೆಳಗಿನ ಕಾವಿಗೆ ಕರಗದೆ ಮಡಚಿಕೊಂಡು ಬೇರೆ ಜಾತಿಯೇ ಆಯಿತು, ಅತ್ತೆ ಮನೆಗೆ ಬಂದ ಹೆಂಗಸಿನ ಹಾಗೆ ಎಂದು ನನ್ನ ತಾಯಿಗೆ ಕೇಳುವಂತೆಯೇ ಹೇಳಿದ್ದಳು, ತಾಯಿ ಎರಡು ದಿನ ಮಾತು ಬಿಟ್ಟಿದ್ದರು. ಇದೂ ಅಲ್ಲ. ಕಪ್ಪು ಚೂರು, ಯಾಣದ್ದು, ಅಲ್ಲಿ ಭಸ್ಮಾಸುರ ಸುಟ್ಟ ಬೂದಿಗೆ ಬಂಡೆ ಕಪ್ಪಾದದ್ದು ಎಂದು ನಾನು ಕೈಮುಗಿದು ಹೇಳಿದರೆ, ಇರಬಹುದು, ಅದಕ್ಕೂ ಮೊದಲು ಇದು ಸಮುದ್ರದ ತಳ, ಚಿಪ್ಪು ಸತ್ತು ಸತ್ತು ಕೂತ ಸುಣ್ಣ, ಎಂದು ಲಿಂಬೆಹುಳಿ ಹಿಂಡಿದ್ದಳು, ಕಲ್ಲು ಬುಸ್ಸೆಂದು ನೊರೆ ಕಾರಿತು, ನನಗೆ ಸಿಟ್ಟು ಬಂದಿತ್ತು, ದೇವರ ಜಾಗದ ಕಲ್ಲು ಅದು, ಶರಬತ್ತು ಮಾಡುತ್ತೀಯಾ, ಅವಳು ಸೆರಗಿನಲ್ಲಿ ನಗು ಒರೆಸಿಕೊಂಡಳು. ಸತ್ತದ್ದೆಲ್ಲ ಕಲ್ಲಾಗ್ತದೆ ಇವ್ರೇ, ಕಲ್ಲೆಲ್ಲ ಮಳೆಗೆ ಮಣ್ಣಾಗ್ತದೆ, ಹೊಳೆ ಎಳಕೊಂಡು ಸಮುದ್ರಕ್ಕೆ ಹಾಕ್ತದೆ, ಅಲ್ಲಿ ಒತ್ತಿ ಒತ್ತಿ ತಿರುಗಿ ಕಲ್ಲು, ಎಲ್ಲಿಗೂ ಹೋಗೂದಿಲ್ಲ. ಹಾಗಾದರೆ ಮುಕ್ತಿ ಎಂತದ್ದು ಎಂದು ಕೇಳಿದ್ದೆ. ಅದು ನಿಮ್ಮ ಸಬ್ಜೆಕ್ಟು, ಎಂದಳು.

ಸುಸ್ತಾಗಿದೆ. ಭಟ್ಟರಿಗೆ ಫೋನು ಮಾಡಿ ಮೊದಲಿಂದ ಶುರು ಮಾಡಿದರೆ ಆಯಿತು, ಇಲ್ಲವೇ ಯಾವುದೋ ಒಂದನ್ನು ಹಿಡಿದು ನಾಳೆ ಸಮುದ್ರಕ್ಕೆ ಎಸೆದರೂ ಯಾರಿಗೂ ತಿಳಿಯುವುದಿಲ್ಲ — ದೇವರೇ, ಎಂತಹ ಯೋಚನೆ. ಗಂಗೂ ಬಾಗಿಲ ಹತ್ತಿರ ಬಂದು, ಒಡೆಯಾ, ಎಲ್ಲಾ ಕಲ್ಲೂ ಹಾಕ್ಬಿಟ್ರೆ ಆಗೂದಿಲ್ವಾ, ಹೊನ್ನನ ರಿಕ್ಷಾ ಹೇಳ್ತೆ, ಎಂದಳು, ನಗು ಬಂತು, ಒಂಬತ್ತು ದಿನದಲ್ಲಿ ಮೊದಲ ಸಲ, ಬಂದದ್ದು ನಗುವೋ ಅಳುವೋ, ಚಂಪಾ ಕೇಳಿದ್ದರೆ ನನ್ನ ಮರಿಗೆ ಮುಟ್ಟಿದ್ರೆ ನೋಡು ಎಂದು ಎದ್ದು ಬರುತ್ತಿದ್ದಳು. ಕಣ್ಣು ಮುಚ್ಚಿದೆ. ಕಣ್ಣು ನೋಡಿಲ್ಲ, ಕೈ ಎತ್ತಿದೆ, ದಿನವೂ ಎಡಗೈಯಲ್ಲಿ ಎತ್ತಿ ಬಲಗೈಯಲ್ಲಿ ನೀರು ಬಿಟ್ಟದ್ದು, ಭಾರವಿರಲಿಲ್ಲ, ಅರಿವೆಯೊಳಗೆ ತರಿತರಿ, ಹಿಂಡಿದಂತೆ ನೀರು ಒಳಗಿನಿಂದಲೂ ಬರುತ್ತಿತ್ತು. ಒಳಗಿನಿಂದ ನೀರು — ಹಾಗಾದರೆ ಚಿರೆಕಲ್ಲು, ನಮ್ಮ ಗೋಡೆಯದೇ ಕಲ್ಲು, ಮಳೆ ತೊಳೆದೂ ತೊಳೆದೂ ಉಳಿದದ್ದೆಲ್ಲ ಹೋಗಿ ಕಬ್ಬಿಣದ ಕೆಂಪು ಮಾತ್ರ ನಿಂತದ್ದು, ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ, ನೀವೂ ಹಾಗೇ ಆದ್ರಿ, ಮದುವೆ ಹೊತ್ತಿಗೆ ಎಷ್ಟು ಮೆತ್ತಗಿದ್ರಿ, ಎನ್ನುತ್ತಿದ್ದಳು. ಹೌದೇ ಮಾರಾಯ್ತಿ, ಗಾಳಿ ತಾಗಿತು. ಮರಿಗೆಯಲ್ಲಿ ಚಿರೆಕಲ್ಲು ಮೂರು, ಮೈಯೆಲ್ಲ ತೂತು, ಮೂರನ್ನೂ ಎಡಗೈಯಲ್ಲಿ ತೂಗಿದೆ, ಒಂದಕ್ಕೂ ಇನ್ನೊಂದಕ್ಕೂ ಭೇದ ತಿಳಿಯಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು ಜಗಲಿಯ ಬೆಳಕಿಗೆ ಹಿಡಿದೆ, ತೂತಿಗೆ ತೂತು ನೋಡುತ್ತ ಹೋದೆ, ಅವಳು ನೋಡುತ್ತಿದ್ದ ಹಾಗೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರ ಆಳದ ಒಂದು ತೂತಿನಲ್ಲಿ ಎಳ್ಳು. ಒಂದೇ ಕಾಳು, ಅರಿವೆಯ ಮಡಿಕೆಯಲ್ಲಿ ನುಸುಳಿ ಒಳಗೆ ಸೇರಿದ್ದು, ಗಂಗೂ ತಿಕ್ಕಿದ ತೆಂಗಿನ ನಾರಿಗೂ ಸಿಗದೆ ಉಳಿದದ್ದು, ಕಪ್ಪು ಸಿಪ್ಪೆ ಬಿರಿದಿದೆ, ಬಿಳಿಯ ಮೊಳಕೆ ಕಲ್ಲಿನ ಕೆಂಪಿಗೆ ತುದಿ ಊರಿದೆ, ಇಷ್ಟು ಸಣ್ಣ ಬೇರೇ ಇವ್ರೇ ಬಂಡೆಯನ್ನು ಮಣ್ಣು ಮಾಡೂದು, ಅವಸರ ಇಲ್ಲ ಅದಕ್ಕೆ, ಎಂದಿದ್ದಳು ಒಮ್ಮೆ. ನಾನು ಬಿಟ್ಟ ನೀರು ಅಲ್ಲಿಗೆ ಮುಟ್ಟಿತ್ತು. ಗಂಗೂ ಕೇಳುತ್ತಿದ್ದಾಳೆ, ಸಿಕ್ತಾ ಒಡೆಯಾ, ಸಿಕ್ತಾ. ಇವತ್ತಿನ ನೀರು ಬಿಡಬೇಕು, ತಂಬಿಗೆ ಎಲ್ಲಿಟ್ಟೆ, ಇಲ್ಲೇ ಇದೆ, ಮೆಲ್ಲಗೆ, ಮೊಳಕೆ ಮುರಿಯಬಾರದು, ನಾಳೆ ಇದನ್ನೇ ಉಪ್ಪುನೀರಿಗೆ ಬಿಡಬೇಕು, ಬಿಡುತ್ತೇನೆ, ಬಿಡಲೇಬೇಕು. ದೇವರೇ, ಅವಳ ಜೀವ ತಣ್ಣಗಿರಲಿ, ಅಲೆಯದಿರಲಿ, ನಿನ್ನಲ್ಲಿ ಸೇರಿದರೆ ಸೇರಲಿ, ಅವಳು ಹೇಳಿದ ಹಾಗೆ ತಿರುಗಿ ಬರುವುದಿದ್ದರೆ ಅದಕ್ಕೂ ಬೇಡವೆನ್ನಬೇಡ, ಅವಳಿಗೆ ಶಾಂತಿ ಕೊಡು, ಶಾಂತಿ ಕೊಡು — ಕೆಂಪು ತೂತು, ಕಪ್ಪು ಎಳ್ಳು, ಅದರ ಬಿಳಿಯ ಮೊಳಕೆ.